ಚಿಲ್ಲರೆ ಕೊಡಲು ಬಂದರೆ ದುಡ್ಡಿನ ಲೆಕ್ಕ ಬಂದಂತೆ

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಲಿಕಲಿ ಟೀಚರ್. ಒಂದರಿಂದ ಮೂರನೇ ತರಗತಿಯ ಮಕ್ಕಳು ನನ್ನ ಕೋಣೆಯಲ್ಲಿ ಒಟ್ಟಿಗೆ ಕೂತು ಕಲಿಯುತ್ತಾರೆ. ನೋಟು ತೋರಿಸಿ "ಇದೆಷ್ಟು?" ಅಂದರೆ ಎಲ್ಲರೂ ಟಕ್ ಅಂತ ಹೇಳುತ್ತಾರೆ. ಬಣ್ಣ ನೋಡಿ ಹೇಳುವುದು ಕಷ್ಟವಲ್ಲ. ದುಡ್ಡು ಅರ್ಥವಾಗಿದೆಯೋ ಇಲ್ಲವೋ ಗೊತ್ತಾಗುವುದು ಚಿಲ್ಲರೆ ವಾಪಸ್ ಕೊಡುವಾಗ.

ಅದಕ್ಕೇ ತರಗತಿಯ ಮೂಲೆಯಲ್ಲಿ ಒಂದು ಅಂಗಡಿ ಇಟ್ಟಿದ್ದೇವೆ. ಖಾಲಿ ಟೀಪುಡಿ ಪೊಟ್ಟಣ, ಸೋಪಿನ ಡಬ್ಬಿ, ಬಿಸ್ಕತ್ ಕವರ್, ಪೆನ್ಸಿಲ್, ರಬ್ಬರ್. ನೋಟುಗಳು ರಟ್ಟಿನವು. ನಾಣ್ಯ ಮಾತ್ರ ನಿಜವಾದವೇ ಬೇಕು, ಯಾಕೆಂದರೆ ಗೊಂದಲ ಜಾಸ್ತಿ ಇರುವುದು ಅಲ್ಲೇ. 2011ರ ವಿನ್ಯಾಸದ 2 ರೂಪಾಯಿ ನಾಣ್ಯ 25 ಮಿ.ಮೀ. ಅಗಲ, 5 ರೂಪಾಯಿಯದು 23 ಮಿ.ಮೀ. 2019ರ ವಿನ್ಯಾಸದಲ್ಲಿ ಇದು ಅದಲುಬದಲಾಗಿದೆ. ಎರಡೂ ಥರದವು ಈಗಲೂ ಕೈಯಿಂದ ಕೈಗೆ ಓಡಾಡುತ್ತಿವೆ. ದೊಡ್ಡದಿದ್ದರೆ ಬೆಲೆಯೂ ಜಾಸ್ತಿ ಅಂತ ಆರು ವರ್ಷದ ಮಗು ನಂಬುವುದು ಸಹಜ ಅಲ್ವಾ? ಹಾಗಾಗಿ ಗಾತ್ರ ಬಿಟ್ಟು ಅಂಕಿ ಓದುವುದನ್ನು ಮೊದಲು ರೂಢಿ ಮಾಡಿಸುತ್ತೇನೆ. 20 ರೂಪಾಯಿ ನಾಣ್ಯ ಮಾತ್ರ ಎಲ್ಲರಿಗೂ ಇಷ್ಟ. ಅದರ 12 ಅಂಚುಗಳನ್ನು ಬೆರಳಿಟ್ಟು ಎಣಿಸುತ್ತಾರೆ.

ಇನ್ನು ಚಿಲ್ಲರೆ. 13 ರೂಪಾಯಿ ಸಾಮಾನಿಗೆ 20 ಕೊಟ್ಟರೆ ವಾಪಸ್ ಎಷ್ಟು? ಸ್ಲೇಟಿನ ಮೇಲಾದರೆ ಪಕ್ಕದ ಮನೆಯಿಂದ ಸಾಲ ತಂದು ಕಳೆಯಬೇಕು. ಎರಡನೇ ತರಗತಿಯ ಎಷ್ಟೋ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ ಕಳೆಯುವುದೇ ಇಲ್ಲ, ಕೂಡುತ್ತಾ ಹೋಗುತ್ತಾರೆ. ಸಾಮಾನು ಕೈಗಿಟ್ಟು "ಹದಿಮೂರು", 2 ರೂಪಾಯಿ ಇಟ್ಟು "ಹದಿನೈದು", 5 ರೂಪಾಯಿ ಇಟ್ಟು "ಇಪ್ಪತ್ತು". ಆಯಿತು! ನಾನು ಇದನ್ನೇ ಮೊದಲು ಕಲಿಸುತ್ತೇನೆ, ಕಳೆಯುವ ಲೆಕ್ಕ ಆಮೇಲೆ. ಹಾಗೆ ಕಲಿತ ಮಕ್ಕಳಿಗೆ 7 ಎಲ್ಲಿಂದ ಬಂತು ಅಂತ ಮತ್ತೆ ವಿವರಿಸಬೇಕಾಗುವುದಿಲ್ಲ.

ಮಕ್ಕಳು ನಮ್ಮನ್ನು ಎಷ್ಟು ಗಮನಿಸುತ್ತಾರೆ ಅನ್ನುವುದು ಅಂಗಡಿ ಆಟದಲ್ಲಿ ಕಾಣುತ್ತದೆ. "ಏನ್ ಬೇಕಮ್ಮಾ?" ಅಂತ ಥೇಟ್ ಶೆಟ್ಟರ ದನಿಯಲ್ಲೇ ಕೇಳುತ್ತಾರೆ. ಒಂದು ರೂಪಾಯಿ ಚಿಲ್ಲರೆ ಬದಲು ಚಾಕ್ಲೇಟ್ ಕೊಡುತ್ತಾರೆ. ಆಗ ಕೊಳ್ಳುವ ಮಗುವಿಗೆ ಹೇಳಿಕೊಡುತ್ತೇನೆ: "ಚಾಕ್ಲೇಟ್ ಬೇಡ, ನನ್ನ ರೂಪಾಯಿ ಕೊಡಿ ಅನ್ನು." ಕೇಳಲು ನಾಚುವ ಮಕ್ಕಳಿಗೆ ಈ ಅಭ್ಯಾಸ ತುಂಬಾ ಬೇಕು.

ಕ್ಯೂಆರ್ ಕೋಡನ್ನೂ ಅವರೇ ಬರೆದು ಅಂಗಡಿಗೆ ಅಂಟಿಸಿದರು. "ದುಡ್ಡು ಖಾಲಿಯಾದ್ರೆ ಸ್ಕ್ಯಾನ್ ಮಾಡಿದ್ರಾಯ್ತು ಮಿಸ್." ಮನೆಯಲ್ಲಿ ಅವರು ನೋಡುವುದು ಫೋನನ್ನು ಮಾತ್ರ, ಬ್ಯಾಂಕಿನ ಖಾತೆಯನ್ನಲ್ಲ. ಆ ಚೀಟಿ ತೆಗೆಸಲಿಲ್ಲ. ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟೆ. ಪ್ರತಿ ಮಗುವಿನ ಹೆಸರಿನ ಮುಂದೆ 20 ರೂಪಾಯಿ. ಸ್ಕ್ಯಾನ್ ಮಾಡಿದಾಗಲೆಲ್ಲ ಕಳೆದು ಉಳಿದದ್ದು ಬರೆಯಬೇಕು. ಸೊನ್ನೆ ಬಂದ ಮೇಲೆ ಸ್ಕ್ಯಾನ್ ಇಲ್ಲ. 10 ರೂಪಾಯಿಯ ಸ್ಟಿಕ್ಕರ್ ತಗೊಂಡರೆ 12 ರೂಪಾಯಿಯ ನೋಟ್‌ಬುಕ್ ಸಿಗುವುದಿಲ್ಲ ಅಂತ ಅಲ್ಲಿ ತಿಳಿಯುತ್ತದೆ. ಯಾವುದನ್ನು ಕೊಳ್ಳಬೇಕು ಅಂತ ನಾವು ಹೇಳಬಾರದು. ಸುಮ್ನೆ ನಿಲ್ಲಬೇಕು, ಮಗು ಅತ್ತರೂ.

ಇಷ್ಟಾದ ಮೇಲೆ ಮಕ್ಕಳ ಸಂತೆ. ಕರಿಬೇವು, ಕೊತ್ತಂಬರಿ ಕಟ್ಟು, ನಿಂಬೆಹಣ್ಣು, ಚುರುಮುರಿ, ಎಲ್ಲವೂ ನಿಜ, ದುಡ್ಡೂ ನಿಜ. ಇಲ್ಲಿ ತೊಂದರೆ ಬರುವುದು ದೊಡ್ಡವರಿಂದ. 5 ರೂಪಾಯಿಯ ಕಟ್ಟಿಗೆ 10 ಕೊಟ್ಟು, "ಚಿಲ್ಲರೆ ನೀನೇ ಇಟ್ಕೋ ಪುಟ್ಟ" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು. ಆದರೆ ಅಷ್ಟು ದಿನ ಕಲಿತದ್ದನ್ನು ಮಾಡಿ ತೋರಿಸುವ ಅವಕಾಶ ಆ ಮಗುವಿಗೆ ತಪ್ಪುತ್ತದೆ. ಹಾಗಾಗಿ ಪೋಷಕರ ಸಭೆಯಲ್ಲೇ ಎರಡು ಮಾತು ಕೇಳಿಕೊಳ್ಳುತ್ತೇನೆ: ಮಗು ಎಣಿಸಿ ಮುಗಿಸುವ ತನಕ ಕಾಯಿರಿ, ಚಿಲ್ಲರೆ ತಪ್ಪದೆ ವಾಪಸ್ ತಗೊಳ್ಳಿ. ಸಂಜೆ ಅಮ್ಮ ಹಾಕಿದ ಬಂಡವಾಳವನ್ನು ಮಗುವಿನ ಕೈಯಿಂದಲೇ ಇಸಿದುಕೊಳ್ಳಿ ಅಂತಲೂ ಹೇಳುತ್ತೇನೆ. ಉಳಿದದ್ದೇ ಲಾಭ. ಮೂರನೇ ತರಗತಿಯವರು ಮಾರನೇ ದಿನ ಬಂದು ಆ ಲೆಕ್ಕವನ್ನು ಬೋರ್ಡ್ ಮೇಲೆ ಬರೆಯುತ್ತಾರೆ.