ಮೇಲಿನವರಿಗೂ ನೀರಿಲ್ಲ ಅಂದ ದಿನ

2025ರ ನವೆಂಬರ್‌ನಲ್ಲಿ ತುಂಗಭದ್ರಾ ಡ್ಯಾಂನಿಂದ ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಅಂತ ತೀರ್ಮಾನ ಆಯ್ತಲ್ಲ, ಆ ದಿನ ನನಗೆ ಒಳಗೊಳಗೇ ಖುಷಿಯಾಗಿತ್ತು. ಬರೆಯಲು ನಾಚಿಕೆಯಾಗುತ್ತೆ. ಆದರೂ ಆಗಿದ್ದು ನಿಜ.

ನಮ್ಮದು ಮಾನ್ವಿ ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಹೊಲ. ಗಂಗಾವತಿ, ಕಾರಟಗಿ, ಸಿಂಧನೂರು ಎಲ್ಲ ಕುಡಿದು ಮುಗಿಸಿದ ಮೇಲೆ ನಮ್ಮ ಸರದಿ. ಬೇರೆ ಕಡೆ ಕ್ರಿಕೆಟ್ ಸ್ಕೋರ್ ಕೇಳುವ ಹಾಗೆ ನಮ್ಮೂರ ಕಟ್ಟೆ ಮೇಲೆ 'ಮೈಲ್ 69ರಾಗ ಗೇಜ್ ಎಷ್ಟೈತಿ' ಅಂತ ಕೇಳುತ್ತಾರೆ, ಅಂದರೆ ಕಾಲುವೆಯ 69ನೇ ಮೈಲಿಯಲ್ಲಿ ನೀರಿನ ಮಟ್ಟ ಎಷ್ಟು ಅಂತ. ಗೇಜ್ ಇಳಿದರೆ ಧರಣಿ, ರಸ್ತೆ ತಡೆ, ಮನವಿ ಪತ್ರ. ಮೇಲಿನವರು ಪಂಪ್‌ಸೆಟ್ ಇಟ್ಟು ಎತ್ತಿಕೊಳ್ಳುತ್ತಾರೆ ಅಂತ ಬೈಗುಳ. ಆ ಬೈಗುಳದಲ್ಲೇ ನಾನು ಬೆಳೆದೆ. ನನ್ನ ಸೋದರಮಾವನ ಊರು ಕಾರಟಗಿ ಹತ್ತಿರ. ರಜೆಗೆ ಅಲ್ಲಿಗೆ ಹೋದಾಗ ಹೊಸ ಅಕ್ಕಿ ಅನ್ನ ಉಣ್ಣುತ್ತಾ ಅದೇ ಬೈಗುಳ ಮರೆಯುತ್ತಿದ್ದೆ ಅನ್ನೋದು ಬೇರೆ ಮಾತು. ಒಮ್ಮೆ ಅಪ್ಪ ಊಟಕ್ಕೆ ಕೂತಾಗಲೇ ನಮ್ಮ ಪಾಲಿನ ನೀರು ಯಾಕೆ ಎತ್ತಿಕೊಳ್ಳುತ್ತೀರಿ ಅಂತ ಕೇಳಿಬಿಟ್ಟರು. ಮಾವ ಮುಖ ಎತ್ತದೆ ಅಂದರು: 'ಹೊಲದ ಮುಂದನ ನೀರು ಹೊಂಟಿದ್ದರ ನೀವು ಸುಮ್ನ ನೋಡಿಕೋತ ಕೂಡತಿದ್ರೇನು?' ಅಪ್ಪ ಉತ್ತರ ಕೊಡಲಿಲ್ಲ.

ನಾನು ಬೆಂಗಳೂರಲ್ಲಿ ಆರು ವರ್ಷ ಒಂದು ಗೋದಾಮಿನಲ್ಲಿ ಲೆಕ್ಕ ಬರೆದೆ. ಒಂದು ದಿನ ಬೆಳಿಗ್ಗೆ ನಮ್ಮನ್ನು ಹನ್ನೊಂದು ಜನರನ್ನು ಸಾಲಾಗಿ ಕೂರಿಸಿ ನಾಳೆಯಿಂದ ಬರಬೇಡಿ ಅಂದರು. ಊರಿಗೆ ಬಂದಿದ್ದು 2023ರಲ್ಲಿ, ಸರಿಯಾಗಿ ಬರಗಾಲದ ವರ್ಷ. ನನ್ನ ಟೈಮಿಂಗೇ ಹಾಗೆ. ಮುಂದಿನ ವರ್ಷ ಡ್ಯಾಂ ತುಂಬಿತು, ಅಪ್ಪನ ಮುಖದಲ್ಲಿ ಕಳೆ ಬಂತು. ಆಗಸ್ಟ್ 10ರ ರಾತ್ರಿ ಚೈನ್ ಕಟ್ಟಾಗಿ 19ನೇ ಗೇಟು ಕೊಚ್ಚಿಹೋಯಿತು. ಆ ರಾತ್ರಿ ಅಪ್ಪ ಮೊಬೈಲ್‌ನಲ್ಲಿ ಅದೇ ವಿಡಿಯೋವನ್ನು ಎಷ್ಟು ಸಲ ನೋಡಿದರೋ, ಬಿಳಿ ನೊರೆ ಒಂದೇ ಸಮ ಹೊರಗೆ ನುಗ್ಗುತ್ತಿತ್ತು. 'ನಮ್ಮ ಹೊಲಕ್ಕ ಬರೋದಿತ್ತು ಅದು' ಅಂತ ಒಂದೇ ಮಾತು. ಹರಿಯುವ ನೀರಲ್ಲೇ ಒಂದು ವಾರದೊಳಗೆ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ತಡೆ ಇಳಿಸಿ ನಿಲ್ಲಿಸಿದರು, ಮಳೆ ಬಂದು ಮತ್ತೆ ತುಂಬಿತು. ಆದರೆ ಹಳೇ ಗೇಟುಗಳನ್ನು ಇನ್ನು ನಂಬುವ ಹಾಗಿಲ್ಲ, 33ನ್ನೂ ಬದಲಿಸಬೇಕು, ಅದಕ್ಕೆ ನೀರು ಇಳಿಸಬೇಕು ಅಂದರು. ಹಾಗಾಗಿ 2025ರಲ್ಲಿ ಒಂದೇ ಬೆಳೆ.

ಖುಷಿ ಯಾಕೆ ಅಂದರೆ, ಈ ಸಲ ಮೇಲಿನವರಿಗೂ ಇಲ್ಲ! ನಮಗೆ ಎರಡನೇ ಬೆಳೆ ಹೇಗೂ ಅದೃಷ್ಟದ ಮೇಲೆಯೇ. ಈಗ ಮಾವನಿಗೂ ಗೊತ್ತಾಗಲಿ, ಒಣಗಿದ ಕಾಲುವೆ ನೋಡುವುದು ಅಂದರೆ ಏನು ಅಂತ. ಇದನ್ನೇ ನಾನು ನ್ಯಾಯ ಅಂದುಕೊಂಡಿದ್ದೆ ನೋಡಿ.

ಊರಿಗೆ ಬಂದ ಮೇಲೆ ಒಂದು ಝೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿ ಇಟ್ಟಿದ್ದೇನೆ. ಜನವರಿಯಲ್ಲಿ ಒಂದು ಬೆಳಿಗ್ಗೆ ನಮ್ಮ ಓಣಿಯ ಅಕ್ಕ ಒಬ್ಬರು ಬಂದರು. ಹೊಲ ಇಲ್ಲದ ಮನೆ. ಪ್ಲಾಸ್ಟಿಕ್ ಕವರ್‌ನಿಂದ ಆಧಾರ್ ಕಾರ್ಡು ತೆಗೆದು, ಸೆರಗಿನಲ್ಲಿ ಒರೆಸಿ ಕೊಟ್ಟರು. ಹೆಬ್ಬೆರಳ ಉಗುರಿನ ಸುತ್ತ ಕಪ್ಪು ಗೆರೆ, ವರ್ಷಾನುಗಟ್ಟಲೆ ಕೆಸರಲ್ಲಿ ಸಸಿ ಹಚ್ಚಿದ ಕೈ. ಎಲ್ಲಿಗೆ ಅಕ್ಕಾ ಅಂದೆ.

'ಬೆಂಗಳೂರಿಗೆ ತಮ್ಮಾ. ಸಿಂಧನೂರ ಕಡೆ ನಾಟಿ ಇಲ್ಲಲ್ಲ.'

ಅಷ್ಟೇ ಅಂದಿದ್ದು. ಪ್ರತಿ ಜನವರಿ ಬೆಳಿಗ್ಗೆ ಕತ್ತಲಲ್ಲೇ ನಮ್ಮೂರಿಂದ ಟಂಟಂ ತುಂಬಾ ಹೆಂಗಸರು ಹೋಗುತ್ತಿದ್ದರು, ಗುಂಪು ಕಟ್ಟಿ ಎಕರೆ ಗುತ್ತಿಗೆಗೆ ನಾಟಿ ಮಾಡಲು. ಯಾವ ಮೇಲಿನವರ ನೀರಿಗೆ ನಾನು ಉರಿದುಕೊಳ್ಳುತ್ತಿದ್ದೆನೋ, ಆ ನೀರೇ ಇವರ ಕೂಲಿ. ಬೆಳೆ ಪರಿಹಾರ ಕೊಡಿ ಅಂತ ನಾವು ಪಹಣಿ ಹಿಡಿದು ಕೂಗುತ್ತೇವೆ. ಪಹಣಿ ಇಲ್ಲದವರು ಏನು ಹಿಡಿದು ಕೂಗಬೇಕು? ನಾನು ಹುಟ್ಟಿದಾಗಿಂದ ಕಾಲುವೆಯ ಮೇಲ್ಗಡೆಗೇ ನೋಡಿದವನು. ನನ್ನ ಕೆಳಗೂ ಜನ ಇದ್ದಾರೆ ಅಂತ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಅಂಗಡಿಯಲ್ಲೂ ಇದೇ ಕತೆ. 371ಜೆ ಪ್ರಮಾಣಪತ್ರಕ್ಕೆ ದಿನಾ ಅರ್ಜಿ ಹಾಕುತ್ತೇನೆ. 2012ರಲ್ಲಿ ಸಂವಿಧಾನ ತಿದ್ದುಪಡಿ ಆಗಿ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ನೌಕರಿ, ಕಾಲೇಜು ಸೀಟಲ್ಲಿ ಪಾಲು ಸಿಕ್ಕಿತು, ಒಳ್ಳೆಯದೇ ಆಯಿತು. ಅದೂ ಒಂದು ಕಾಲುವೆಯೇ ಅಲ್ವಾ. ಓದಿದವರ ಮನೆ ಮುಂದೆ ಮೊದಲು ಹರಿಯುತ್ತೆ. ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಗುಳೆ ಹೋದ ಹುಡುಗಿಗೆ ಆ ಕಾಗದ ಯಾವ ಉಪಯೋಗಕ್ಕೆ?

ಅಕ್ಕನ ಮಗಳೂ ಆರನೇ ಕ್ಲಾಸು. ಟಿಸಿ ಇನ್ನೂ ಕೈಗೆ ಬಂದಿಲ್ಲ, ಅಲ್ಲಿ ಶಾಲೆಗೆ ಸೇರಿಸಿಕೊಳ್ಳಲ್ಲ, ಅದಕ್ಕೇ ಅಜ್ಜಿ ಹತ್ತಿರ ಬಿಡಬೇಕೋ ಏನೋ ಅಂದರು. ಇದೊಂದು ನನಗೆ ಗೊತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ತಡವಾಯಿತು ಅಂತ ಸರ್ಕಾರಿ ಶಾಲೆಯವರು ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ಆ ಸಾಲನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿ, ಲ್ಯಾಮಿನೇಷನ್ ಮಾಡಿ ಕೊಟ್ಟೆ. ದುಡ್ಡು ಬೇಡ ಅಂದೆ. ಕೇಳಲಿಲ್ಲ, ಇಪ್ಪತ್ತರ ನೋಟು ಕೀಬೋರ್ಡ್ ಮೇಲೆ ಇಟ್ಟರು.

ಮುಂದೆ ಏನು ಮಾಡ್ತೀಯ ಅಂತ ಕೇಳುವವರಿಗೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ಮತ್ತೆ ಬೆಂಗಳೂರೋ, ಈ ಅಂಗಡಿಯೋ, ಅಪ್ಪನ ನಾಲ್ಕು ಎಕರೆಯೋ. ಆದರೆ ಆ ರಾತ್ರಿ ಮಾವನಿಗೆ ಫೋನ್ ಮಾಡಿದೆ. ಎಷ್ಟೋ ದಿನ ಆಗಿತ್ತು. ಕಡಲೆ ಹಾಕಿದೀನಿ, ನೋಡೋಣ ಅಂದರು. ನೀರಿನ ಮಾತು ಇಬ್ಬರೂ ತೆಗೆಯಲಿಲ್ಲ.

ಬಸ್ ಹತ್ತುವ ಮುಂಚೆ ಅಕ್ಕ ಮತ್ತೆ ಅಂಗಡಿ ಮುಂದೆ ನಿಂತಿದ್ದರು. ಒಂದು ಕೈಯಲ್ಲಿ ಜೋಳದ ಹಿಟ್ಟಿನ ಚೀಲ, ಇನ್ನೊಂದರಲ್ಲಿ ರೊಟ್ಟಿ ಹಂಚು, ಪಕ್ಕದಲ್ಲಿ ಸ್ಕೂಲ್ ಬ್ಯಾಗ್ ಹಾಕಿಕೊಂಡ ಮಗಳು. 'ಮಳೆಗಾಲದಾಗ ಕಾಲುವಿಗೆ ನೀರು ಬಿಟ್ರ ಒಂದು ಫೋನ್ ಮಾಡು ತಮ್ಮಾ, ನಾಟಿಗೆ ಬರ್ತೀವಿ' ಅಂದರು. ನಂಬರ್ ಸೇವ್ ಮಾಡಿಕೊಂಡೆ. ಆ ಹೆಸರಿನವರು ಫೋನಿನಲ್ಲಿ ಆಗಲೇ ಮೂರು ಜನ ಇದ್ದರು. ಅದಕ್ಕೇ ಹೆಸರಿನ ಮುಂದೆ 'ನೀರು' ಅಂತ ಸೇರಿಸಿದೆ.