ಬಸ್ಸಿನ ಲೆಕ್ಕವೂ ಮೈನಸ್ 60ರ ಉತ್ತರವೂ

ಹತ್ತನೇ ತರಗತಿಯ ವರ್ಗಸಮೀಕರಣದಲ್ಲಿ ಮಾರ್ಕ್ಸ್ ಹೋಗೋದು ಹೆಚ್ಚಾಗಿ ಮೊದಲ ಸಾಲಿನಲ್ಲೇ. ಸೂತ್ರ ಬಾಯಿಪಾಠ ಆಗಿರುತ್ತೆ, ಸಮೀಕರಣ ಮಾತ್ರ ತಲೆಕೆಳಗಾಗಿರುತ್ತೆ.

ಲೆಕ್ಕ ಇದು: ಬಸ್ಸೊಂದು ಒಂದೇ ವೇಗದಲ್ಲಿ 300 ಕಿ.ಮೀ. ಹೋಗುತ್ತದೆ. ವೇಗ ಗಂಟೆಗೆ 10 ಕಿ.ಮೀ. ಹೆಚ್ಚಿದ್ದರೆ 1 ಗಂಟೆ ಮೊದಲೇ ತಲುಪುತ್ತಿತ್ತು. ವೇಗ ಎಷ್ಟು?

ವೇಗವನ್ನು ‘ವ’ ಅಂತಿಟ್ಟುಕೊಳ್ಳಿ. ನಿಧಾನಕ್ಕೆ ಹೋದಾಗ ಹಿಡಿಯುವ ಸಮಯವೇ ದೊಡ್ಡದು, ಅದರಿಂದಲೇ ಚಿಕ್ಕದನ್ನು ಕಳೆಯಬೇಕು:

300/ವ − 300/(ವ + 10) = 1

ಇಲ್ಲಿ ಹಿಂದುಮುಂದಾದರೆ ಕೊನೆಗೆ ವ² + 10ವ + 3000 = 0 ಬರುತ್ತದೆ. ಅದರ ಶೋಧಕ (ಸೂತ್ರದಲ್ಲಿ ವರ್ಗಮೂಲದೊಳಗೆ ಬರುವ b² − 4ac) 100 − 12000, ಋಣ ಸಂಖ್ಯೆ; ಅಂದರೆ ವಾಸ್ತವ ಉತ್ತರವೇ ಇಲ್ಲ. ವೇಗದ ಲೆಕ್ಕದಲ್ಲಿ ಹೀಗಾದರೆ ಸೂತ್ರವನ್ನು ಮತ್ತೆ ಮತ್ತೆ ತಿದ್ದಬೇಡಿ, ವಾಪಸ್ ಮೊದಲ ಸಾಲಿಗೆ ಹೋಗಿ.

ಸರಿಯಾದದ್ದು ವ² + 10ವ − 3000 = 0. ಈಗ 3000ಕ್ಕೆ ಅಪವರ್ತನ ಹುಡುಕುತ್ತಾ ಕೂರುವವರೇ ಜಾಸ್ತಿ. ನಡುವಿನ ಸಹಗುಣಕ ಸಮಸಂಖ್ಯೆಯಾಗಿದ್ದರೆ ವರ್ಗ ಪೂರ್ಣಗೊಳಿಸುವುದೇ ಸಲೀಸು. 10ರ ಅರ್ಧ 5, ಅದರ ವರ್ಗ 25. ಎರಡೂ ಕಡೆ ಕೂಡಿಸಿದರೆ (ವ + 5)² = 3025. ಐದರಲ್ಲಿ ಮುಗಿಯುವ ಸಂಖ್ಯೆಯ ವರ್ಗ ಗೊತ್ತಲ್ಲ: 5 × 6 = 30, ಪಕ್ಕದಲ್ಲಿ 25. ಅಂದರೆ 55ರ ವರ್ಗ. ಹಾಗಾಗಿ ವ + 5 = ±55; ವ = 50 ಅಥವಾ −60. ವರ್ಗಮೂಲ ತೆಗೆಯುವಾಗ ± ಬಿಟ್ಟರೆ ಒಂದು ಮೂಲವೇ ಮಾಯ.

ವೇಗ ಋಣವಾಗದು, ಆದ್ದರಿಂದ 50. ‘−60 ಅನ್ನು ತಿರಸ್ಕರಿಸಿದೆ’ ಎಂದು ಕಾರಣಸಮೇತ ಬರೆಯಿರಿ, ಸುಮ್ಮನೆ ಗೀಟು ಎಳೆದು ಬಿಡಬೇಡಿ. ತಾಳೆ: 300/50 = 6 ಗಂಟೆ, 300/60 = 5 ಗಂಟೆ.

ಅಂದಹಾಗೆ ಆ −60 ಪೂರ್ತಿ ಕಸವೂ ಅಲ್ಲ. ‘ವೇಗ 10 ಕಡಿಮೆಯಾದರೆ 1 ಗಂಟೆ ತಡ’ ಅಂತ ಪ್ರಶ್ನೆ ತಿರುಗಿಸಿದರೆ ಉತ್ತರ 60. ಸಮೀಕರಣದಲ್ಲಿ ವ ಇದ್ದಲ್ಲಿ −ವ ಹಾಕಿದರೆ ಸಿಗುವುದು ಆ ಲೆಕ್ಕವೇ.

ಪ್ರಶ್ನೆಯಲ್ಲಿ ‘30 ನಿಮಿಷ’ ಅಂತಿದ್ದರೆ ಬಲಗಡೆ 1/2 ಬರೆಯಬೇಕು. ಮರೆತು 30 ಹಾಕಿದರೆ (ವ + 5)² = 125 ಆಗಿ, ವೇಗ ಗಂಟೆಗೆ ಸುಮಾರು 6 ಕಿ.ಮೀ. ಬರುತ್ತದೆ. ಆ ಬಸ್ಸಿಗಿಂತ ಸೈಕಲ್ಲೇ ಮುಂದೆ.