ಗೋಡೆಯ ಓರೆ

ಆರ್‌ಎಫ್ ಕ್ಯಾವಿಟಿ ಎಂದರೆ ರೇಡಿಯೊ ಆವರ್ತನದ ವಿದ್ಯುತ್ ಕ್ಷೇತ್ರದಿಂದ ಕಣಗಳನ್ನು ತಳ್ಳಿ ವೇಗ ಕೊಡುವ ಟೊಳ್ಳು ಲೋಹದ ಪಾತ್ರೆ, ಸಾಲಾಗಿ ಜೋಡಿಸಿದ ಸೆಲ್ ಎಂಬ ಕೋಣೆಗಳದ್ದು. ಅದರ ಡ್ರಾಯಿಂಗ್ ಕೈಗೆ ಬಂದರೆ ನಾನು ಮೊದಲು ನೋಡುವುದು ಗೋಡೆಯ ಓರೆಯನ್ನು. ಎರಡು ಸೆಲ್‌ಗಳ ನಡುವಿನ ಕಿರಿದಾದ ಬಾಯಿ ಐರಿಸ್; ಸೆಲ್‌ನ ಉಬ್ಬಿದ ನಡು ಈಕ್ವೇಟರ್. ಅಲ್ಲಿಂದ ಇಲ್ಲಿಗೆ ಏರುವ ಗೋಡೆ ಎಷ್ಟು ಡಿಗ್ರಿ ವಾಲಿದೆ ಎಂಬುದರಲ್ಲೇ ಅರ್ಧ ಕಥೆ ಇದೆ.

ಸೆಲ್‌ನ ಉದ್ದ ನಮ್ಮ ಕೈಯಲ್ಲಿಲ್ಲ. ಕಣ ಒಂದು ಸೆಲ್ ದಾಟುವಷ್ಟರಲ್ಲಿ ಕ್ಷೇತ್ರ ದಿಕ್ಕು ಬದಲಿಸಿರಬೇಕು, ಇಲ್ಲವಾದರೆ ಮುಂದಿನ ಸೆಲ್ ಅದನ್ನು ತಡೆಯುತ್ತದೆ. ಹ್ಯಾಂಬರ್ಗಿನ ಯುರೋಪಿಯನ್ ಎಕ್ಸ್‌ಫೆಲ್ ಎಂಬ ಎಕ್ಸ್-ರೇ ಲೇಸರ್ ಯಂತ್ರದಲ್ಲಿ ಎಲೆಕ್ಟ್ರಾನ್ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಓಡುತ್ತದೆ, 1.3 ಗಿಗಾಹರ್ಟ್ಸ್‌ಗೆ ಸೆಲ್ 115 ಮಿಲಿಮೀಟರ್. ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದ ಪಿಐಪಿ-2 ಎಂಬ ಪ್ರೋಟಾನ್ ವೇಗವರ್ಧಕ ಯೋಜನೆಯ 650 ಮೆಗಾಹರ್ಟ್ಸ್ ಕ್ಯಾವಿಟಿಗಳಲ್ಲಿ ಒಂದು ಬಗೆ, ಬೆಳಕಿನ ವೇಗದ 0.61ರಷ್ಟರಲ್ಲಿ ಸಾಗುವ ಕಣಕ್ಕೆ ಹೊಂದುವಂಥದ್ದು. ಬೆಳಕಿನ ವೇಗದ ಕಣಕ್ಕಾದರೆ ಸುಮಾರು 230 ಮಿಲಿಮೀಟರ್ ಬೇಕಿದ್ದ ಸೆಲ್ ಅಲ್ಲಿ ಸುಮಾರು 140ಕ್ಕೆ ಇಳಿಯುತ್ತದೆ, ವ್ಯಾಸ ಮಾತ್ರ ಇಳಿಯುವುದಿಲ್ಲ. ಮುಖಕ್ಕೆ ಮುಖ ಕೊಟ್ಟ ಎರಡು ಊಟದ ತಟ್ಟೆಗಳ ಆಕಾರ. (ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರಿನ ಇಂದೋರಿನ ಕೇಂದ್ರವೂ ಈ 650ರ ಕೆಲಸದಲ್ಲಿ ಪಾಲುದಾರ. ಬರೆಯುವಾಗಲೇ ಹೆಮ್ಮೆಯಾಗುತ್ತದೆ.)

ಉತ್ತಮ ಆಕಾರ ಹುಡುಕುವ ಕಂಪ್ಯೂಟರ್ ಪ್ರೋಗ್ರಾಮ್ ಆದ ಆಪ್ಟಿಮೈಜರ್‌ಗೆ ಬಿಟ್ಟರೆ ಅದು ಗೋಡೆಯನ್ನು ನೆಟ್ಟಗೆ ನಿಲ್ಲಿಸುವ ಕಡೆಗೇ ಹೊರಡುತ್ತದೆ. ಕಾರಣ ಸರಿಯಾದದ್ದೇ. ಗೋಡೆ ನೆಟ್ಟಗಾದಷ್ಟೂ ಈಕ್ವೇಟರಿನ ಬಳಿ ಜಾಗ ಹೆಚ್ಚಿ, ಕಾಂತಕ್ಷೇತ್ರ ಹರಡಿಕೊಳ್ಳುತ್ತದೆ. ಗೋಡೆಯ ಲೋಹ ನಿಯೋಬಿಯಂ; ಕಾಂತಕ್ಷೇತ್ರ ಸುಮಾರು 200 ಮಿಲಿಟೆಸ್ಲಾ ದಾಟಿದರೆ ಅದು ಅತಿವಾಹಕವಾಗಿ (ಸೂಪರ್‌ಕಂಡಕ್ಟರ್) ಉಳಿಯದು. ಎಕ್ಸ್‌ಫೆಲ್‌ನಲ್ಲಿರುವ ಟೆಸ್ಲಾ ಎಂಬ ಹೆಸರಿನ ಸೆಲ್ ಆಕಾರದಲ್ಲಿ, ಕಣಕ್ಕೆ ಸಿಗುವ ತಳ್ಳು, ಅಂದರೆ ಗ್ರೇಡಿಯೆಂಟ್, ಮೀಟರಿಗೆ ಒಂದೊಂದು ಮೆಗಾವೋಲ್ಟ್ ಏರಿದಾಗಲೂ ಗೋಡೆಯ ಮೇಲೆ 4.26 ಮಿಲಿಟೆಸ್ಲಾ ಏರುತ್ತದೆ, ಅಂದರೆ 47 ಮೆಗಾವೋಲ್ಟಿನ ಆಸುಪಾಸಿಗೆ ಮುಗಿಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಗೋಡೆಯನ್ನು ನೆಟ್ಟಗಿಂತಲೂ ಆಚೆಗೆ, ಒಳಸರಿದಂತೆ ಬಾಗಿಸಿ, ಒಂದೇ ಸೆಲ್‌ನ ಕ್ಯಾವಿಟಿಗಳಲ್ಲಿ 50 ದಾಟಿದರು. ಅದ್ಭುತ ಕೆಲಸ.

ಆದರೆ ಕ್ಯಾವಿಟಿಯನ್ನು ತೊಳೆಯಬೇಕಲ್ಲ! ಆಸಿಡ್ ಪಾಲಿಶ್ ಆದಮೇಲೆ ಕ್ಲೀನ್‌ರೂಮಿನಲ್ಲಿ ಅದನ್ನು ಲಂಬವಾಗಿ ನಿಲ್ಲಿಸಿ, ಅತಿಶುದ್ಧ ನೀರನ್ನು ಭಾರೀ ಒತ್ತಡದಲ್ಲಿ ಒಳಗೆ ಚಿಮ್ಮಿಸುತ್ತಾರೆ. ನಿಲ್ಲಿಸಿದಾಗ ಕೆಳಗಿನ ಗೋಡೆಯೇ ನೆಲವಾಗುತ್ತದೆ. ಓರೆ ಇದ್ದರೆ ನೀರು ಐರಿಸ್ ಮೂಲಕ ಇಳಿದುಹೋಗುತ್ತದೆ. ಒಳಸರಿದಿದ್ದರೆ ಅಲ್ಲೇ ನಿಲ್ಲುತ್ತದೆ, ಕಸವೂ ಜೊತೆಗೆ ನಿಲ್ಲುತ್ತದೆ. ವಿದ್ಯುತ್ ಕ್ಷೇತ್ರ ತೀಕ್ಷ್ಣವಾಗಿರುವ ಐರಿಸ್ಸಿನ ಮೇಲೆ ಒಂದು ಲೋಹದ ಕಣ ಕೂತರೆ ಸಾಕು, ಎಲೆಕ್ಟ್ರಾನ್ ಉಗುಳಲು ಶುರು. ಎಕ್ಸ್-ರೇ ಏರುತ್ತದೆ, ಲೆಕ್ಕ ಹಾಕಿದ ಗ್ರೇಡಿಯೆಂಟ್ ಕಾಗದದಲ್ಲೇ ಉಳಿಯುತ್ತದೆ.

ಹಾಗಾಗಿ ಎರಡು ಡಿಗ್ರಿಗಿಂತ ಕಡಿಮೆ ಓರೆಯ ಸೆಲ್‌ಗೆ ನಾನು ಸಹಿ ಹಾಕುವುದಿಲ್ಲ. ಕಾಂತಕ್ಷೇತ್ರ ಸ್ವಲ್ಪ ಏರಿದರೂ ಏರಲಿ. ಓರೆ ಕೊಟ್ಟಮೇಲೆ ಆವರ್ತನ ಸರಿದಿರುತ್ತದೆ, ಈಕ್ವೇಟರಿನ ತ್ರಿಜ್ಯ ತಿದ್ದಿ ಮತ್ತೆ 650ಕ್ಕೆ ತರಬೇಕು. ಆ ಲೆಕ್ಕ ಈಗ ಓಡುತ್ತಿದೆ.